ಬಾಲ್ಕನಿಯಲ್ಲಿ ಅರ್ಜೆಂಟೀನಾ, ಪಕ್ಕದಲ್ಲಿ ತಿರಂಗಾ: ವಿಶ್ವಕಪ್ ವೇಳೆ ಬಾವುಟ ಕಟ್ಟುವ ಮುನ್ನ ನಿಯಮ ಏನು ಹೇಳುತ್ತದೆ?

ನವದೆಹಲಿ: ಓಲ್ಡ್ ರಾಜಿಂದರ್ ನಗರದಲ್ಲಿ ಒಂದು ಬಾವುಟ ಕಟ್ಟಬೇಕೆಂದರೆ ಮೊದಲು ಜಾಗ ಹುಡುಕಬೇಕು. ಕರೋಲ್ ಬಾಗ್‌ಗೆ ಹೊಂದಿಕೊಂಡ ಈ ಬಡಾವಣೆಯ ಕಟ್ಟಡಗಳ ಮುಂಭಾಗವನ್ನು ಕೋಚಿಂಗ್ ಸಂಸ್ಥೆಗಳ ಫಲಕಗಳು, ಯುಪಿಎಸ್‌ಸಿ ಟಾಪರ್‌ಗಳ ಭಾವಚಿತ್ರಗಳು ಮತ್ತು ಬಾಡಿಗೆ ಕೋಣೆಯ ಜಾಹೀರಾತುಗಳು ಎಂದೋ ಆಕ್ರಮಿಸಿಕೊಂಡಿವೆ. ಉಳಿದ ಜಾಗದಲ್ಲಿ ವಿದ್ಯುತ್ ತಂತಿ, ಇಂಟರ್ನೆಟ್ ಕೇಬಲ್. ಆದರೂ ನಾಲ್ಕು ವರ್ಷಕ್ಕೊಮ್ಮೆ ಬರುವ ಫುಟ್‌ಬಾಲ್ ವಿಶ್ವಕಪ್‌ಗೆ ಬಾಲ್ಕನಿಯ ಕಂಬಿಯಲ್ಲಿ ಒಂದು ಮೊಳ ಜಾಗ ಸಿಕ್ಕೇ ಸಿಗುತ್ತದೆ.

ಈ ಬಾರಿ ದಿನಾಂಕಗಳೂ ಅಭ್ಯರ್ಥಿಗಳಿಗೆ ಅನುಕೂಲವಾಗಿಯೇ ಬಂದಿವೆ. ನಾಗರಿಕ ಸೇವಾ ಪ್ರಿಲಿಮ್ಸ್‌ಗೆ ಯುಪಿಎಸ್‌ಸಿ ವೇಳಾಪಟ್ಟಿಯಲ್ಲಿ ನಿಗದಿಯಾಗಿದ್ದು ಮೇ 24. ಮೇನ್ಸ್ ಆರಂಭವಾಗುವುದು ಆಗಸ್ಟ್ 21ಕ್ಕೆ. ಇವೆರಡರ ನಡುವೆ, ಜೂನ್ 11ರಿಂದ ಜುಲೈ 19ರವರೆಗೆ, ಅಮೆರಿಕ, ಕೆನಡಾ ಮತ್ತು ಮೆಕ್ಸಿಕೊದಲ್ಲಿ 48 ತಂಡಗಳ 104 ಪಂದ್ಯಗಳು. ಪಂದ್ಯಗಳು ಭಾರತದಲ್ಲಿ ಬಹುತೇಕ ನಡುರಾತ್ರಿ ಮತ್ತು ಬೆಳಗಿನ ಜಾವ ಕಾಣಿಸುತ್ತವೆ. ರಾತ್ರಿ ಓದುವುದನ್ನೇ ರೂಢಿ ಮಾಡಿಕೊಂಡ ಬಡಾವಣೆಗೆ ಇದೇನೂ ಹೊಸ ವೇಳೆಯಲ್ಲ.

ಕೇರಳ, ಪಶ್ಚಿಮ ಬಂಗಾಳ, ಗೋವಾ, ಈಶಾನ್ಯ ರಾಜ್ಯಗಳು, ನಮ್ಮ ಕರಾವಳಿ ಮತ್ತು ಕಾಸರಗೋಡಿನಿಂದ ಬಂದವರಿಗೆ ಬಾವುಟವಿಲ್ಲದ ವಿಶ್ವಕಪ್ ಸಪ್ಪೆ. ಆದರೆ ದೆಹಲಿಯ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಪರದೇಶದ ಬಾವುಟ ಕಟ್ಟಿದರೆ ಮನೆ ಮಾಲೀಕರಿಂದ ಹಿಡಿದು ಬೀಟ್ ಪೊಲೀಸರವರೆಗೆ ಯಾರಾದರೂ ಕೇಳಬಹುದಾದ ಪ್ರಶ್ನೆ ಒಂದೇ: ಇದಕ್ಕೆ ಅವಕಾಶ ಇದೆಯೇ?

ಚುಟುಕು ಉತ್ತರ: ಇದೆ. ವಿದೇಶಿ ಧ್ವಜವನ್ನು ಪ್ರದರ್ಶಿಸುವುದೇ ಅಪರಾಧ ಎಂದು 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯಾಗಲಿ, 2002ರ ಭಾರತೀಯ ಧ್ವಜ ಸಂಹಿತೆಯಾಗಲಿ ಹೇಳುವುದಿಲ್ಲ. ತೊಂದರೆ ಶುರುವಾಗುವುದು ಅರ್ಜೆಂಟೀನಾದ ಬಾವುಟದಿಂದಲ್ಲ, ಅದರ ಜತೆಗೆ ಇರಲಿ ಎಂದು ತಂದು ಕಟ್ಟುವ ತ್ರಿವರ್ಣ ಧ್ವಜದಿಂದ.

ಕಾಯ್ದೆ ಒಂದು, ಸಂಹಿತೆ ಇನ್ನೊಂದು

ಇವೆರಡನ್ನೂ ಒಂದೇ ಎಂದು ತಿಳಿಯುವವರೇ ಹೆಚ್ಚು. 1971ರ ಕಾಯ್ದೆ ಸಂಸತ್ತು ರೂಪಿಸಿದ ದಂಡನಾ ಕಾನೂನು. ಸಾರ್ವಜನಿಕ ಸ್ಥಳದಲ್ಲಿ ಅಥವಾ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ರಾಷ್ಟ್ರಧ್ವಜವನ್ನು ಸುಡುವುದು, ಹರಿಯುವುದು, ವಿರೂಪಗೊಳಿಸುವುದು, ತುಳಿಯುವುದು ಅಥವಾ ಬೇರೆ ರೀತಿಯಲ್ಲಿ ಅಗೌರವ ತೋರುವುದಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಎರಡನೇ ಬಾರಿ ತಪ್ಪಿತಸ್ಥರಾದರೆ ಕನಿಷ್ಠ ಒಂದು ವರ್ಷ ಸೆರೆವಾಸ. ‘ಕಣ್ಣಿಗೆ ಬೀಳುವ ಜಾಗ’ ಎಂಬ ಮಾತನ್ನು ಗಮನಿಸಬೇಕು. ಬಾಲ್ಕನಿ ಖಾಸಗಿ ಜಾಗವೇ ಆದರೂ ಓಣಿಯಲ್ಲಿ ಹೋಗುವವರಿಗೆಲ್ಲ ಅದು ಕಾಣುತ್ತದೆ.

ಧ್ವಜ ಸಂಹಿತೆ ಹಾಗಲ್ಲ. ಅದು ಕೇಂದ್ರ ಸರ್ಕಾರದ ಕಾರ್ಯಾಂಗ ಸೂಚನೆಗಳ ಕಟ್ಟು. 2002ರ ಜನವರಿ 26ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಸಾಮಾನ್ಯ ಜನ ವರ್ಷದ ಎಲ್ಲಾ ದಿನ ಮನೆ ಮೇಲೆ ತ್ರಿವರ್ಣ ಧ್ವಜ ಹಾರಿಸುವಂತಿರಲಿಲ್ಲ. ರಾಯಗಢದ ತಮ್ಮ ಕಾರ್ಖಾನೆಯಲ್ಲಿ ಧ್ವಜ ಹಾರಿಸಿದ್ದಕ್ಕೆ ಅಧಿಕಾರಿಗಳು ಆಕ್ಷೇಪಿಸಿದಾಗ ಉದ್ಯಮಿ ನವೀನ್ ಜಿಂದಾಲ್ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ್ದರು. 1995ರಲ್ಲಿ ಅಲ್ಲಿ ಅವರ ಪರ ತೀರ್ಪು ಬಂತು. ಕೇಂದ್ರ ಸರ್ಕಾರ ಮೇಲ್ಮನವಿ ಸಲ್ಲಿಸಿತು. ಧ್ವಜವನ್ನು ಗೌರವದಿಂದ ಹಾರಿಸುವುದು ಸಂವಿಧಾನದ 19(1)(ಎ) ವಿಧಿಯಡಿ ಬರುವ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 2004ರ ಜನವರಿ 23ರಂದು ಹೇಳಿತು. ಸಂಹಿತೆಯು ಕಾನೂನಿನ ಅರ್ಥದಲ್ಲಿ ‘ಕಾನೂನು’ ಅಲ್ಲ, ಆದರೆ ಧ್ವಜದ ಘನತೆ ಕಾಪಾಡುವ ಮಟ್ಟಿಗೆ ಅದರ ಮಾರ್ಗಸೂಚಿಗಳನ್ನು ಪಾಲಿಸಬೇಕು ಎಂಬುದೂ ಅದೇ ತೀರ್ಪಿನಲ್ಲಿದೆ.

ಆಮೇಲೆ ನಿಯಮಗಳು ಇನ್ನಷ್ಟು ಸಡಿಲವಾದವು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ತಯಾರಿಸುವವರು ಇದರ ವಿರುದ್ಧ ದನಿ ಎತ್ತಿದ್ದು ಕನ್ನಡ ಓದುಗರಿಗೆ ನೆನಪಿರಬಹುದು. 2022ರ ಜುಲೈನಲ್ಲಿ, ‘ಹರ್ ಘರ್ ತಿರಂಗಾ’ ಅಭಿಯಾನಕ್ಕೆ ಮುನ್ನ, ಮನೆಯ ಮೇಲೆ ಹಗಲು ರಾತ್ರಿ ಧ್ವಜ ಹಾರಿಸಲೂ ಅನುಮತಿ ಬಂತು. ಹಾಗಾಗಿ ಸೂರ್ಯಾಸ್ತಕ್ಕೆ ಇಳಿಸಲೇಬೇಕು ಎಂಬ ಹಳೆಯ ಮಾತು ಮನೆಗಳ ಮಟ್ಟಿಗೆ ಈಗ ಅನ್ವಯಿಸುವುದಿಲ್ಲ.

ಓಲ್ಡ್ ರಾಜಿಂದರ್ ನಗರದವರಿಗೆ ಈ ಸಂಹಿತೆ ಬರೀ ಬಾಲ್ಕನಿಯ ವಿಷಯವಲ್ಲ, ಪ್ರಶ್ನೆಪತ್ರಿಕೆಯ ವಿಷಯವೂ ಹೌದು. 2023ರ ಪ್ರಿಲಿಮ್ಸ್‌ನಲ್ಲಿ ರಾಷ್ಟ್ರಧ್ವಜದ ಅಳತೆಯ ಬಗ್ಗೆ ಪ್ರಶ್ನೆ ಬಂದಿತ್ತು. 600×400 ಮಿಲಿಮೀಟರ್ ಒಂದು ಪ್ರಮಾಣಿತ ಅಳತೆ ಎಂಬುದು ಒಂದು ಹೇಳಿಕೆ, ಉದ್ದ ಮತ್ತು ಎತ್ತರದ ಅನುಪಾತ 3:2 ಎಂಬುದು ಇನ್ನೊಂದು. ಎರಡನೆಯದು ಸರಿ, ಮೊದಲನೆಯದು ತಪ್ಪು. ಸಂಹಿತೆಯಲ್ಲಿ 6300×4200ರಿಂದ 150×100ರವರೆಗೆ ಒಂಬತ್ತು ಅಳತೆಗಳಿವೆ. 900×600 ಇದೆ, 450×300 ಇದೆ, 600×400 ಇಲ್ಲ. ಅನುಪಾತ ಸರಿಹೊಂದುವುದರಿಂದಲೇ ಅನೇಕರು ಅಲ್ಲಿ ಎಡವಿರಬೇಕು.

ಎರಡು ಬಾವುಟ ಜತೆಯಾದಾಗ

ಭಾರತ ತಂಡ ವಿಶ್ವಕಪ್‌ನಲ್ಲಿ ಒಮ್ಮೆಯೂ ಆಡಿಲ್ಲ. 1950ರಲ್ಲಿ ಬ್ರೆಜಿಲ್‌ಗೆ ಹೋಗುವ ಅವಕಾಶ ಸಿಕ್ಕಿತ್ತು, ತಂಡ ಹೋಗಲಿಲ್ಲ. ಆದ್ದರಿಂದ ಇಲ್ಲಿನ ಅಭಿಮಾನಿಯ ಕೈಯಲ್ಲಿ ಯಾವಾಗಲೂ ಬೇರೊಂದು ದೇಶದ ಬಾವುಟ. ‘ನಮ್ಮ ದೇಶದ್ದೂ ಇರಲಿ, ಯಾರೂ ಮಾತಾಡುವುದಿಲ್ಲ’ ಎಂಬ ಎಚ್ಚರಿಕೆಯಿಂದ ಹಲವರು ಪಕ್ಕದಲ್ಲೊಂದು ತಿರಂಗಾ ಕಟ್ಟುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ಕೆಲಸ ಕೆಡುವುದೂ ಅಲ್ಲೇ.

ಸಾರ್ವಜನಿಕರಿಗೆ ಸಂಬಂಧಿಸಿದ ಸಂಹಿತೆಯ ಎರಡನೇ ಭಾಗದ ಪ್ರಕಾರ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ, ಅದರ ಮೇಲ್ಭಾಗದಲ್ಲಿ ಅಥವಾ ಅದರ ಪಕ್ಕದಲ್ಲಿ ಬೇರೆ ಯಾವುದೇ ಬಾವುಟ, ತೋರಣ ಇರಬಾರದು. ಒಂದೇ ಕಂಬದ ತುದಿಯಲ್ಲಿ ಬೇರೆ ಬಾವುಟದ ಜತೆ ಹಾರಿಸಬಾರದು. ಮೂರನೇ ಮಹಡಿಯವರು ಬ್ರೆಜಿಲ್, ಎರಡನೇ ಮಹಡಿಯವರು ತಿರಂಗಾ ಕಟ್ಟಿದರೆ ಏನು ಮಾಡುವುದು ಎಂಬುದಕ್ಕೆ ಸಂಹಿತೆಯಲ್ಲಿ ನೇರ ಉತ್ತರವಿಲ್ಲ. ಅದನ್ನು ಬರೆದವರ ಕಣ್ಣಮುಂದೆ ನಾಲ್ಕು ಅಂತಸ್ತಿನ ಪಿಜಿ ಕಟ್ಟಡ ಇದ್ದಂತಿಲ್ಲ.

ಹಾಗಾದರೆ ಅಂತರರಾಷ್ಟ್ರೀಯ ಸಮಾವೇಶಗಳಲ್ಲಿ ಹಲವು ದೇಶಗಳ ಧ್ವಜಗಳು ಸಾಲಾಗಿ ನಿಲ್ಲುವುದು ಹೇಗೆ? ಅದಕ್ಕೆ ಸಂಹಿತೆಯ ಮೂರನೇ ಭಾಗದಲ್ಲಿ ಪ್ರತ್ಯೇಕ ಕ್ರಮವಿದೆ. ಸರ್ಕಾರಿ ಸಂಸ್ಥೆಗಳಿಗಾಗಿ ಬರೆದದ್ದಾದರೂ, ಕ್ಲಬ್‌ಗಳು, ಹಾಸ್ಟೆಲ್‌ಗಳು ತೋರಣ ಕಟ್ಟುವಾಗ ನೋಡಬೇಕಾದದ್ದು ಇದನ್ನೇ. ಧ್ವಜಗಳು ನೇರ ಸಾಲಿನಲ್ಲಿದ್ದರೆ ಭಾರತದ ಧ್ವಜ ಬಲತುದಿಯಲ್ಲಿ ಇರಬೇಕು. ಇಲ್ಲಿ ಬಲ ಎಂದರೆ ಧ್ವಜಗಳಿಗೆ ಬೆನ್ನು ಮಾಡಿ ಜನರತ್ತ ಮುಖ ಮಾಡಿ ನಿಂತವರ ಬಲ. ಎದುರಿನಿಂದ ನೋಡುವವರಿಗೆ ಅದು ಎಡತುದಿ. ತಪ್ಪುಗಳಲ್ಲಿ ಅರ್ಧ ಇಲ್ಲೇ ಆಗುತ್ತವೆ.

ನಂತರದ ದೇಶಗಳು ಅವುಗಳ ಇಂಗ್ಲಿಷ್ ಹೆಸರಿನ ಅಕ್ಷರಕ್ರಮದಲ್ಲಿ ಬರುತ್ತವೆ. ಅಂದರೆ ಅರ್ಜೆಂಟೀನಾ, ಬ್ರೆಜಿಲ್, ಪೋರ್ಚುಗಲ್. ಕನ್ನಡ ವರ್ಣಮಾಲೆಯಲ್ಲಿ ‘ಪ’ ಮೊದಲು, ‘ಬ’ ಆಮೇಲೆ ಎಂದು ಪೋರ್ಚುಗಲ್ ಅನ್ನು ಮುಂದೆ ತಂದರೆ ಸಂಹಿತೆಯ ಪ್ರಕಾರ ಸಾಲು ತಪ್ಪುತ್ತದೆ. ರೊನಾಲ್ಡೊ ಅಭಿಮಾನಿಗಳು ಬೇಸರಿಸಿಕೊಳ್ಳಬಾರದು! ಧ್ವಜಗಳು ವೃತ್ತಾಕಾರದಲ್ಲಿದ್ದರೆ ಭಾರತದ ಧ್ವಜದಿಂದ ಆರಂಭಿಸಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸಾಗಬೇಕು. ಎರಡು ಕೋಲುಗಳನ್ನು ಅಡ್ಡಡ್ಡ ಇಟ್ಟು ಗೋಡೆಗೆ ಸಿಕ್ಕಿಸಿದರೆ ಭಾರತದ ಧ್ವಜ ತನ್ನದೇ ಬಲಕ್ಕಿರಬೇಕು ಮತ್ತು ಅದರ ಕೋಲು ಇನ್ನೊಂದರ ಮುಂದಿರಬೇಕು. ಪ್ರತಿ ದೇಶಕ್ಕೂ ಪ್ರತ್ಯೇಕ ಕಂಬ. ಎಲ್ಲ ಧ್ವಜಗಳ ಗಾತ್ರ ಹೆಚ್ಚು ಕಡಿಮೆ ಒಂದೇ ಆಗಿರಬೇಕು. ಏರಿಸುವಾಗ ನಮ್ಮದು ಮೊದಲು, ಇಳಿಸುವಾಗ ಕೊನೆ.

ಗಾತ್ರದ ನಿಯಮವೇ ಮನೆಗಳಲ್ಲಿ ಹೆಚ್ಚು ಮುರಿದುಬೀಳುವುದು. ಆನ್‌ಲೈನ್‌ನಲ್ಲಿ ತರಿಸಿದ ಐದಡಿ ಅರ್ಜೆಂಟೀನಾ ಬಾವುಟದ ಮಗ್ಗುಲಲ್ಲಿ ಸ್ಟೇಷನರಿ ಅಂಗಡಿಯ ಅಂಗೈಯಗಲದ ತಿರಂಗಾ ಸಿಕ್ಕಿಸಿದರೆ ಗೌರವ ತೋರಿಸಿದಂತೆ ಆಗುವುದಿಲ್ಲ. ಬಾಡಿಗೆ ಕೋಣೆಯವರಿಗೆ ಸುರಕ್ಷಿತ ದಾರಿ ಸರಳ: ಎರಡನ್ನೂ ಒಂದೇ ಕಂಬಿಗೆ ಕಟ್ಟಬಾರದು. ತಿರಂಗಾ ಬೇಕೇ ಬೇಕೆನಿಸಿದರೆ ಅದಕ್ಕೆ ಬೇರೆ, ಮೇಲಿನ, ಸ್ವತಂತ್ರ ಜಾಗ.

ಇನ್ನು ಕೆಲವು ವಿಷಯಗಳಲ್ಲಿ 1971ರ ಕಾಯ್ದೆಯೇ ನೇರವಾಗಿ ಮಾತಾಡುತ್ತದೆ. ತ್ರಿವರ್ಣ ಧ್ವಜದ ಮೇಲೆ ಏನನ್ನೂ ಬರೆಯುವಂತಿಲ್ಲ. ಮೆಸ್ಸಿಯ ಹೆಸರೂ ಇಲ್ಲ, ‘ಇಂಡಿಯಾ’ ಎಂದೂ ಇಲ್ಲ. ಬೇಕೆಂದೇ ಕೇಸರಿ ಕೆಳಗೆ ಬರುವಂತೆ ಕಟ್ಟುವುದು, ನೆಲಕ್ಕೆ ತಾಗಲು ಅಥವಾ ನೀರಿನಲ್ಲಿ ಎಳೆದಾಡಲು ಬಿಡುವುದು, ವಾಹನದ ಬಾನೆಟ್ ಇಲ್ಲವೇ ಮೇಲ್ಭಾಗಕ್ಕೆ ಹೊದಿಸುವುದು, ಸೊಂಟದ ಕೆಳಗೆ ಉಡುವುದು, ಕರವಸ್ತ್ರ ಅಥವಾ ದಿಂಬಿನ ಮೇಲೆ ಮುದ್ರಿಸುವುದು ಇವೆಲ್ಲ ಅಗೌರವದ ಪಟ್ಟಿಯಲ್ಲಿವೆ. ಕಾರಿನ ಮೇಲೆ ತಿರಂಗಾ ಹಾರಿಸುವ ಹಕ್ಕನ್ನು ಸಂಹಿತೆ ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಸಚಿವರು ಮುಂತಾದವರಿಗೆ ಮಾತ್ರ ಕೊಟ್ಟಿದೆ. ವಿದೇಶಿ ಗಣ್ಯರು ಸರ್ಕಾರಿ ಕಾರಿನಲ್ಲಿ ಹೋಗುವಾಗ ಬಲಕ್ಕೆ ನಮ್ಮ ಧ್ವಜ, ಎಡಕ್ಕೆ ಅವರದು.

ಕೈಯಲ್ಲಿ ಹಿಡಿದು ಬೀಸುವ ಕಾಗದದ ಧ್ವಜಕ್ಕೆ ಮಾತ್ರ ಸಂಹಿತೆ ಉದಾರವಾಗಿದೆ. ರಾಷ್ಟ್ರೀಯ, ಸಾಂಸ್ಕೃತಿಕ ಮತ್ತು ಕ್ರೀಡಾ ಸಂದರ್ಭಗಳಲ್ಲಿ ಜನ ಅದನ್ನು ಬಳಸಬಹುದು ಎಂದು ಹೇಳುತ್ತದೆ. ಮುಗಿದ ಮೇಲೆ ಬೀದಿಗೆ ಎಸೆಯಬಾರದು, ಅಷ್ಟೇ.

ಬಾಂಗ್ಲಾದೇಶದಲ್ಲಿ ಇಳಿಸಿದ್ದರು

ಪರದೇಶದ ಬಾವುಟಕ್ಕೆ ಭಾರತದಲ್ಲಿ ಇರುವ ಸಡಿಲಿಕೆ ಎಲ್ಲ ಕಡೆ ಇಲ್ಲ. ಬಾಂಗ್ಲಾದೇಶದ 1972ರ ಧ್ವಜ ನಿಯಮಗಳ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ವಿದೇಶಿ ಧ್ವಜ ಹಾರಿಸುವಂತಿಲ್ಲ. ಆದರೂ ಬ್ರೆಜಿಲ್ ಮತ್ತು ಅರ್ಜೆಂಟೀನಾ ಬಾವುಟಗಳಿಂದ ಮನೆಯ ತಾರಸಿಗಳು ಮುಚ್ಚಿಹೋಗುವ ದೇಶ ಅದು. 2014ರ ವಿಶ್ವಕಪ್ ವೇಳೆ ಜೆಸ್ಸೋರ್ ಜಿಲ್ಲಾಡಳಿತ ಈ ನಿಯಮ ನೆನಪಿಸಿ ಬಾವುಟ ಇಳಿಸುವಂತೆ ಅಭಿಮಾನಿಗಳಿಗೆ ಸೂಚಿಸಿತ್ತು. ಡೆನ್ಮಾರ್ಕ್‌ನಲ್ಲಿ 2025ರ ಜನವರಿ 1ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಧ್ವಜಸ್ತಂಭದಲ್ಲಿ ಬೇರೆ ದೇಶದ ಬಾವುಟ ಏರಿಸಲು ಅನುಮತಿ ಬೇಕು. ಜರ್ಮನಿ 2020ರಲ್ಲಿ ವಿದೇಶಿ ಧ್ವಜಗಳನ್ನು ಬಹಿರಂಗವಾಗಿ ಸುಡುವುದನ್ನೂ ಅಪರಾಧವಾಗಿಸಿತು.

ಭಾರತದ 1971ರ ಕಾಯ್ದೆ ರಕ್ಷಿಸುವುದು ಭಾರತದ ಧ್ವಜ, ಸಂವಿಧಾನ ಮತ್ತು ರಾಷ್ಟ್ರಗೀತೆಯನ್ನು. ಬೇರೆ ದೇಶದ ಬಾವುಟ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಂದು ಏನು ಬೇಕಾದರೂ ಮಾಡಬಹುದು ಎಂದಲ್ಲ. ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ 19(2)ನೇ ವಿಧಿ ಹಾಕುವ ಮಿತಿಗಳಲ್ಲಿ ಸಾರ್ವಜನಿಕ ಸುವ್ಯವಸ್ಥೆ ಇದೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧವೂ ಇದೆ. ಬಾವುಟವನ್ನು ನೆಪವಾಗಿಟ್ಟುಕೊಂಡು ಗುಂಪುಗಳ ನಡುವೆ ದ್ವೇಷ ಹಬ್ಬಿಸಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಅನ್ವಯವಾಗಬಹುದು.

ಪೋರ್ಚುಗಲ್ ಬಾವುಟ ಹರಿದಾಗ

ಬಾವುಟ ಕಟ್ಟುವವರಿಗೆ ಕಾನೂನಿಗಿಂತ ಹೆಚ್ಚು ತೊಂದರೆ ಕೊಡುವುದು ತಪ್ಪು ಗ್ರಹಿಕೆ. 2022ರ ನವೆಂಬರ್‌ನಲ್ಲಿ, ಕತಾರ್ ವಿಶ್ವಕಪ್‌ಗೆ ಮುನ್ನ, ಕೇರಳದ ಕಣ್ಣೂರು ಜಿಲ್ಲೆಯ ಪಾನೂರಿನಲ್ಲಿ ಅಭಿಮಾನಿಗಳು ಕಟ್ಟಿದ್ದ ಪೋರ್ಚುಗಲ್ ಬಾವುಟವನ್ನು ಯುವಕನೊಬ್ಬ ಹರಿದುಹಾಕಿದ. ಕೆಂಪು ಹಸಿರಿನ ಆ ಬಾವುಟವನ್ನು ಆತ ಎಸ್‌ಡಿಪಿಐ ಪಕ್ಷದ್ದೆಂದು ತಿಳಿದಿದ್ದ. ಫುಟ್‌ಬಾಲ್ ಅಭಿಮಾನಿಗಳು ಅಡ್ಡಗಟ್ಟಿದರು, ವಿಷಯ ಪೊಲೀಸರವರೆಗೂ ಹೋಯಿತು. ಗಲ್ಲಿಗೊಂದು ವಿಶ್ವಕಪ್ ಬಾವುಟ ಕಾಣುವ ಜಿಲ್ಲೆಯಲ್ಲೇ ಹೀಗಾದರೆ, ಪೋರ್ಚುಗಲ್ ಬಾವುಟವನ್ನು ಎಂದೂ ನೋಡದ ಊರುಗಳ ಕಥೆ ಊಹಿಸಬಹುದು.

ಅದೇ ತಿಂಗಳು ಅದೇ ಬಾವುಟ ಇನ್ನೊಂದು ಕಾರಣಕ್ಕೂ ಚರ್ಚೆಗೆ ಬಂತು. ಕೇರಳದ ಸಮಸ್ತ ಉಲೇಮಾ ಸಂಘಟನೆಗೆ ಸೇರಿದ ಖುತುಬಾ ಸಮಿತಿ, ಫುಟ್‌ಬಾಲ್ ವ್ಯಾಮೋಹ ಮಿತಿ ಮೀರಬಾರದು, ಕಟೌಟ್‌ಗಳಿಗೆ ದುಂದುವೆಚ್ಚ ಬೇಡ ಎಂದು ಹೇಳುವಾಗ, ನಮ್ಮನ್ನಾಳಲು ಬಂದ ಪೋರ್ಚುಗಲ್‌ನಂತಹ ದೇಶದ ಬಾವುಟವನ್ನು ಹೊರುವುದು ಸರಿಯೇ ಎಂಬ ಪ್ರಶ್ನೆಯನ್ನೂ ಎತ್ತಿತು. ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರೊಂದಿಗೆ ಕಾದಾಡಿದ ಕರಾವಳಿಗೆ ಈ ಮಾತು ಹೊಸದೇನಲ್ಲ. ಅದೇ ಉಳ್ಳಾಲದಿಂದ ಮಂಜೇಶ್ವರ, ಉಪ್ಪಳ, ಕುಂಬಳೆಯವರೆಗೂ ರೊನಾಲ್ಡೊ ಅಭಿಮಾನಿಗಳಿದ್ದಾರೆ ಎಂಬುದೂ ಅಷ್ಟೇ ನಿಜ. ಆಟಗಾರನನ್ನು ಮೆಚ್ಚಿ ಕಟ್ಟಿದ ಬಾವುಟವನ್ನು ನಾಲ್ಕು ಶತಮಾನಗಳ ಹಿಂದಿನ ಸಾಮ್ರಾಜ್ಯದ ಲೆಕ್ಕಕ್ಕೆ ಹಾಕುವುದು ಸ್ವಲ್ಪ ದೂರದ ಮಾತು.

ಕೇರಳದ ಈ ಉತ್ಸಾಹಕ್ಕೆ ಆ ವರ್ಷ ಜಗತ್ತೇ ತಿರುಗಿ ನೋಡಿತ್ತು. ಕೋಯಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನಲ್ಲಿ ನದಿಯ ನಡುವೆ ಮೆಸ್ಸಿಯ 30 ಅಡಿ ಎತ್ತರದ ಕಟೌಟ್ ಎದ್ದಿತು. ಅದಕ್ಕೆ ಉತ್ತರವಾಗಿ ಬ್ರೆಜಿಲ್ ಅಭಿಮಾನಿಗಳು ನೇಮರ್‌ನ 40 ಅಡಿ ಕಟೌಟ್ ನಿಲ್ಲಿಸಿದರು. ಫಿಫಾ ಕೂಡ ಆ ಚಿತ್ರವನ್ನು ಹಂಚಿಕೊಂಡಿತು. ನೀರಿನ ಹರಿವಿಗೆ ಅಡ್ಡಿಯಾಗುತ್ತದೆ ಎಂಬ ದೂರೂ ಬಂತು. ನಮ್ಮಲ್ಲೂ ಇಂಥ ಮೂಲೆಗಳಿವೆ. ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜತೆ ಪೆಲೆಯ ಪ್ರತಿಮೆಯೂ ಇದೆ. ‘ಮಿನಿ ಬ್ರೆಜಿಲ್’ ಎಂದೇ ಕರೆಸಿಕೊಳ್ಳುವ ಆ ಬಡಾವಣೆಯಲ್ಲಿ ಹಳದಿ ಹಸಿರು ಬಾವುಟ ಕಂಡರೆ ಯಾರೂ ಪ್ರಶ್ನಿಸುವುದಿಲ್ಲ.

ಓಲ್ಡ್ ರಾಜಿಂದರ್ ನಗರ ಗೌತಮಪುರವಲ್ಲ. ಈ ಬಾರಿ ಆಡುವ ತಂಡಗಳಲ್ಲಿ ಅಲ್ಜೀರಿಯಾ ಇದೆ. ಅದರ ಬಾವುಟ ಅರ್ಧ ಹಸಿರು, ಅರ್ಧ ಬಿಳಿ, ನಡುವೆ ಕೆಂಪು ಚಂದ್ರ ಮತ್ತು ನಕ್ಷತ್ರ. ಹಸಿರು ಬಣ್ಣ, ಅರ್ಧಚಂದ್ರ ಕಂಡೊಡನೆ ಪಾಕಿಸ್ತಾನದ ಬಾವುಟ ಎಂಬ ಗುಲ್ಲು ವಾಟ್ಸ್‌ಆ್ಯಪ್‌ನಲ್ಲಿ ಎಷ್ಟು ಬೇಗ ಹಬ್ಬುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಐವರಿ ಕೋಸ್ಟ್‌ನದು ಕಿತ್ತಳೆ, ಬಿಳಿ, ಹಸಿರಿನ ಲಂಬ ಪಟ್ಟೆಗಳು. ಅದನ್ನು ಅಡ್ಡಲಾಗಿ ತಿರುಗಿಸಿ ಕಟ್ಟಿದರೆ ಅಶೋಕ ಚಕ್ರ ಬಿಟ್ಟುಹೋದ ತಿರಂಗಾದಂತೆ ಕಾಣುತ್ತದೆ. ಇನ್ನೊಂದು ಕಡೆಯಿಂದ ತಿರುಗಿಸಿದರಂತೂ ಕೇಸರಿ ಕೆಳಗೆ!

ಸೌದಿ ಅರೇಬಿಯಾದ ಧ್ವಜದ ಮೇಲೆ ಇಸ್ಲಾಂನ ಪವಿತ್ರ ಘೋಷಣೆ ‘ಶಹಾದಾ’ ಬರೆದಿದೆ. 1994ರ ವಿಶ್ವಕಪ್ ವೇಳೆ ಮೆಕ್‌ಡೊನಾಲ್ಡ್ಸ್ ಕಂಪನಿ ತಿನಿಸಿನ ಪೊಟ್ಟಣದ ಮೇಲೆ ಎಲ್ಲ 24 ದೇಶಗಳ ಧ್ವಜ ಮುದ್ರಿಸಿ, ತಿಂದು ಮುದುಡಿ ಎಸೆಯುವ ಕಾಗದದ ಮೇಲೆ ಆ ಘೋಷಣೆ ಬಂದದ್ದಕ್ಕೆ ಮುಸ್ಲಿಮರ ವಿರೋಧ ಎದುರಿಸಿತ್ತು. ಪೇಪರ್ ಕಪ್, ಟಿಶ್ಯೂ ಮೇಲೆ ಎಲ್ಲ ದೇಶಗಳ ಧ್ವಜ ಮುದ್ರಿಸಲು ಹೊರಟ ಕೆಫೆಗಳು ಇದನ್ನು ನೆನಪಿಡುವುದು ಲೇಸು. ಇರಾನ್ ಧ್ವಜದ ಮಧ್ಯದ ಲಾಂಛನವನ್ನು ತೆಗೆದ ಚಿತ್ರವನ್ನು 2022ರಲ್ಲಿ ಅಮೆರಿಕದ ಫುಟ್‌ಬಾಲ್ ಸಂಸ್ಥೆ ತನ್ನ ಖಾತೆಗಳಲ್ಲಿ ಹಾಕಿದಾಗ, ಆ ತಂಡವನ್ನು ಟೂರ್ನಿಯಿಂದಲೇ ಹೊರಹಾಕಬೇಕೆಂಬ ಕೂಗು ಇರಾನ್ ಕಡೆಯಿಂದ ಎದ್ದಿತ್ತು.

ಬೇರೆಯವರು ಕಟ್ಟಿದ ಬಾವುಟ ಇಷ್ಟವಾಗದಿದ್ದರೆ ಕಿತ್ತು ಹರಿಯುವ ಅಧಿಕಾರ ಯಾರಿಗೂ ಇಲ್ಲ. ಅದು ಇನ್ನೊಬ್ಬರ ಸೊತ್ತು. ಸೊತ್ತು ಹಾಳುಗೆಡವುವುದು ನ್ಯಾಯ ಸಂಹಿತೆಯ 324ನೇ ಸೆಕ್ಷನ್‌ನಡಿ ಅಪರಾಧ. ಅನುಮಾನ ಬಂದರೆ ಪೊಲೀಸರಿಗೆ ತಿಳಿಸುವುದಷ್ಟೇ ದಾರಿ.

ಕಂಬ ಯಾರದ್ದು? ಗೋಡೆ ಯಾರದ್ದು?

ಯಾವ ಬಾವುಟ ಎಂಬುದಕ್ಕಿಂತ ಎಲ್ಲಿ ಕಟ್ಟಿದ್ದು ಎಂಬುದೇ ದೆಹಲಿಯಲ್ಲಿ ದೊಡ್ಡ ಪ್ರಶ್ನೆ. ಬಾಡಿಗೆದಾರರು ಮನೆ ಮಾಲೀಕರ ಒಪ್ಪಿಗೆ ಪಡೆಯಬೇಕು. ಮಾಲೀಕರ ಅನುಮತಿಯಿಲ್ಲದೆ ಕಾಂಪೌಂಡ್ ಗೋಡೆಗೆ ಬ್ರೆಜಿಲ್ ಬಣ್ಣ ಬಳಿದರೆ 2007ರ ದೆಹಲಿ ಸ್ವತ್ತು ವಿರೂಪ ತಡೆ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಕಾಯ್ದೆಯಲ್ಲಿ ‘ಸ್ವತ್ತು’ ಎಂದರೆ ಗೋಡೆ ಮಾತ್ರವಲ್ಲ, ಮರ, ಬೇಲಿ, ಕಂಬವೂ ಸೇರುತ್ತದೆ. ಕರ್ನಾಟಕದಲ್ಲಿ ಇಂಥದ್ದೇ ಕಾಯ್ದೆ 1981ರಿಂದ ಇದೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸ್‌ಗಳನ್ನು ತೆರವು ಮಾಡಿದ್ದು ಇದೇ ಹಿನ್ನೆಲೆಯಲ್ಲಿ. ದಾರಿಗೆ ಅಡ್ಡವಾಗಿ ತೋರಣ, ಕಟೌಟ್ ನಿಲ್ಲಿಸಿ ಓಡಾಟಕ್ಕೆ ತಡೆಯೊಡ್ಡಿದರೆ ನ್ಯಾಯ ಸಂಹಿತೆಯ 285ನೇ ಸೆಕ್ಷನ್‌ನಲ್ಲಿ 5,000 ರೂಪಾಯಿವರೆಗೆ ದಂಡವಿದೆ.

ದಂಡಕ್ಕಿಂತ ಭಯಪಡಬೇಕಾದದ್ದು ವಿದ್ಯುತ್‌ಗೆ. ವಿಶ್ವಕಪ್ ನಡೆಯುವುದು ದೆಹಲಿಯ ಮಳೆಗಾಲದಲ್ಲಿ. 2024ರ ಜುಲೈ 22ರಂದು ಸಮೀಪದ ಪಟೇಲ್ ನಗರದಲ್ಲಿ ಮಳೆನೀರು ನಿಂತ ಬೀದಿಯಲ್ಲಿ ನಡೆದು ಹೋಗುತ್ತಿದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬ ಕಬ್ಬಿಣದ ಗೇಟ್ ಮುಟ್ಟಿ ವಿದ್ಯುದಾಘಾತದಿಂದ ಮೃತಪಟ್ಟಿದ್ದ. ಐದು ದಿನಗಳ ನಂತರ, ಜುಲೈ 27ರಂದು, ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ನೀರು ನುಗ್ಗಿ ಮೂವರು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ಆ ಎರಡು ಘಟನೆಗಳನ್ನು ಕಂಡ ಓಣಿಗಳಿವು. ಒದ್ದೆ ಬಾವುಟ, ಕಬ್ಬಿಣದ ಕಂಬಿ, ಕೈಗೆಟಕುವ ತಂತಿ ಮೂರೂ ಒಂದೆಡೆ ಸೇರಿದರೆ ಅನಾಹುತಕ್ಕೆ ಬೇರೇನೂ ಬೇಡ. ವಿದ್ಯುತ್ ಕಂಬಕ್ಕೆ ಬಾವುಟ ಕಟ್ಟಬಾರದು. ತಂತಿ ಹಾದುಹೋಗಿರುವ ಬಾಲ್ಕನಿಯಲ್ಲಿ ಕಬ್ಬಿಣದ ಸರಳನ್ನು ಬಾವುಟದ ಕೋಲು ಮಾಡಿಕೊಳ್ಳಬಾರದು. ಮಳೆ ಶುರುವಾದ ಮೇಲೆ ಬಾವುಟ ಬಿಡಿಸಲು ಹೊರಗೆ ಚಾಚಿ ನಿಲ್ಲುವುದಂತೂ ಬೇಡವೇ ಬೇಡ.

ಒಂದು ಎಫ್‌ಐಆರ್ ದಾಖಲಾದರೆ

ಬೇರೆ ಊರಿನ ಅಭಿಮಾನಿಗೆ ಬಾವುಟದ ಜಗಳ ಠಾಣೆಯಲ್ಲೇ ಮುಗಿಯಬಹುದು. ಸರ್ಕಾರಿ ನೌಕರಿಗಾಗಿಯೇ ವರ್ಷಗಟ್ಟಲೆ ಓದುತ್ತಿರುವವರಿಗೆ, ಅದು ಓಲ್ಡ್ ರಾಜಿಂದರ್ ನಗರವಾಗಲಿ, ಬೆಂಗಳೂರಿನ ವಿಜಯನಗರವಾಗಲಿ, ಧಾರವಾಡವಾಗಲಿ, ಹಾಗಲ್ಲ. ಆಯ್ಕೆಯಾದ ಮೇಲೆ ತುಂಬಬೇಕಾದ ದೃಢೀಕರಣ ಪತ್ರದಲ್ಲಿ, ಎಂದಾದರೂ ಬಂಧನಕ್ಕೊಳಗಾಗಿದ್ದೀರಾ, ಮೊಕದ್ದಮೆ ಎದುರಿಸಿದ್ದೀರಾ, ಯಾವುದಾದರೂ ಪ್ರಕರಣ ಬಾಕಿ ಇದೆಯೇ ಎಂಬ ಪ್ರಶ್ನೆಗಳಿರುತ್ತವೆ. ಸುಳ್ಳು ಮಾಹಿತಿ ಕೊಟ್ಟರೆ ಅಥವಾ ಮುಚ್ಚಿಟ್ಟರೆ ನೌಕರಿಗೆ ಅನರ್ಹರಾಗಬಹುದು ಎಂಬ ಎಚ್ಚರಿಕೆಯೂ ಅದರಲ್ಲೇ ಇರುತ್ತದೆ.

ಈ ಬಗ್ಗೆ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ 2016ರ ಜುಲೈ 21ರಂದು ಅವತಾರ್ ಸಿಂಗ್ ಪ್ರಕರಣದಲ್ಲಿ ವಿವರವಾದ ತೀರ್ಪು ನೀಡಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವಾದರೆ ನೇಮಕಾತಿ ಪ್ರಾಧಿಕಾರ ತನ್ನ ವಿವೇಚನೆಯಂತೆ ಅದನ್ನು ಕಡೆಗಣಿಸಬಹುದು. ಆದರೆ ಮಾಹಿತಿ ಸತ್ಯವಾಗಿರಲೇಬೇಕು ಎಂಬುದು ಅದರ ಸಾರ. ಅಂದರೆ ಬಾವುಟದ ವಿಷಯಕ್ಕೆ ಕೇಸು ದಾಖಲಾದ ಮಾತ್ರಕ್ಕೆ ಬದುಕು ಮುಗಿಯುವುದಿಲ್ಲ. ‘ಸಣ್ಣ ಕೇಸು, ಬರೆಯದಿದ್ದರೂ ನಡೆಯುತ್ತದೆ’ ಎಂದು ಖಾಲಿ ಬಿಟ್ಟ ಆ ಒಂದು ಸಾಲು ಮಾತ್ರ ಮುಂದೆ ದುಬಾರಿಯಾಗಬಹುದು. ರ್‍ಯಾಂಕ್ ಬಂದ ಮೇಲೂ ಕಡತ ಅಲ್ಲೇ ನಿಂತರೆ ಅದನ್ನು ಬಿಡಿಸಲು ಕೋರ್ಟ್ ಅಲೆಯಬೇಕಾಗುತ್ತದೆ.

ಟೂರ್ನಿ ಮುಗಿದ ಮೇಲೆ

ಫೈನಲ್ ನ್ಯೂಜೆರ್ಸಿಯಲ್ಲಿ ಜುಲೈ 19ರ ಮಧ್ಯಾಹ್ನ. ಇಲ್ಲಿ ಆಗ 20ರ ನಡುರಾತ್ರಿ 12.30. ಸೋತ ತಂಡಗಳ ಬಾವುಟಗಳು ಅದಕ್ಕೂ ಮೊದಲೇ ಒಂದೊಂದಾಗಿ ಮರೆಯಾಗುತ್ತವೆ. ವಿದೇಶಿ ಬಾವುಟವನ್ನು ಹೇಗೆ ವಿಲೇವಾರಿ ಮಾಡಬೇಕೆಂದು ನಮ್ಮ ಧ್ವಜ ಸಂಹಿತೆ ಹೇಳುವುದಿಲ್ಲ. ಮಡಚಿ 2030ಕ್ಕೆ ಎತ್ತಿಡಬಹುದು. ತ್ರಿವರ್ಣ ಧ್ವಜ ಹರಿದಿದ್ದರೆ, ಬಣ್ಣ ಮಾಸಿದ್ದರೆ ಅದನ್ನು ಹಾರಿಸುವಂತಿಲ್ಲ. ಕಸದ ಬುಟ್ಟಿಗೂ ಹಾಕುವಂತಿಲ್ಲ. ಜನರ ಕಣ್ಣಿಗೆ ಬೀಳದಂತೆ, ಸುಡುವುದೂ ಸೇರಿದಂತೆ ಘನತೆಗೆ ಕುಂದು ಬಾರದ ರೀತಿಯಲ್ಲಿ, ಪೂರ್ಣವಾಗಿ ನಾಶಪಡಿಸಬೇಕು.

ಫೈನಲ್ ಮುಗಿದ 26ನೇ ದಿನಕ್ಕೆ ಸ್ವಾತಂತ್ರ್ಯ ದಿನ. ಅದೇ ಬಾಲ್ಕನಿಗಳಲ್ಲಿ ಆಗ ತಿರಂಗಾ ಬರುತ್ತದೆ. ಗೆದ್ದ ಖುಷಿಯಲ್ಲಿ ಯಾರಾದರೂ ತಮ್ಮ ತಂಡದ ಬಾವುಟವನ್ನು ಕಂಬಿಯಲ್ಲೇ ಬಿಟ್ಟಿದ್ದರೆ, ಆಗಸ್ಟ್ 15ರ ಬೆಳಿಗ್ಗೆಗೆ ಮುನ್ನ ಅದನ್ನು ಬಿಚ್ಚಿಡಬೇಕು. ಮೇನ್ಸ್‌ಗೆ ಅಲ್ಲಿಂದ ಇನ್ನು ಆರೇ ದಿನ.